ಸವಣೂರಿನಿಂದ ಸರೋವರ ಸೀಮೆಗೆ

ಅರ್ಧ ಗಂಟೆಯ ಮಾತುಕತೆಯ ಕಾರ್ಯಕ್ರಮದಲ್ಲಿ ನಿಜವಾಗಿ ಮಾತಿಗೆ ದೊರೆಯುವುದು ಇಪ್ಪತ್ತನಾಲ್ಕೋ ಇಪ್ಪತ್ತೈದೋ ನಿಮಿಷ. ಡಾ. ವಿನಾಯಕ ಕೃಷ್ಣ ಗೋಕಾಕರನ್ನು ಕುರಿತು ನಾವು ನಡೆಸಿದ ಚರ್ಚೆಯಲ್ಲಿ ಅವರ ಆಕ್ಸ್‌ಫರ್ಡಿನ ಎರಡು ವರ್ಷಗಳಿಗೆ ಸಿಕ್ಕಿದ್ದು ಎರಡೇ ನಿಮಿಷ. ಸಂಕಲನದ ಕೆಲಸ ನನ್ನ ಕೈಯಲ್ಲೇ ಇತ್ತು. ಆದ್ದರಿಂದ ಬೇರೆ ಯಾರನ್ನೂ ದೂರುವಂತಿಲ್ಲ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ, ಸಸ್ಯಶಾಸ್ತ್ರ ಓದಿ ಕ್ಯಾಮೆರಾದ ಹಿಂದೆ ಬಂದು ನಿಂತವನು. ವಿದ್ವಾಂಸರು ಕ್ಷಮಿಸಬೇಕು.

ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಎಂಟನೆಯ ತರಗತಿಯಲ್ಲಿದ್ದಾಗ ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಹೂವಿನ ಪದ್ಯ ಪಾಠಕ್ಕೆ ಬಂತು. ಆ ಹೂವನ್ನು ನಮ್ಮ ಮಾಸ್ತರರೂ ಕಂಡವರಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಕಿಟಕಿಯ ಆಚೆಗೆ ಕೈ ತೋರಿಸಿ, “ಅಲ್ಲಿ ಗುರೆಳ್ಳಿನ ಹೊಲ ಕಾಣ್ತತಿ ಇಲ್ಲೋ? ಗಾಳಿ ಬಂದಾಗ ಹೆಂಗ ತೂಗತಾವ ನೋಡ್ರಿ. ಅದ ಅಂತ ತಿಳ್ಕೊಳ್ರಿ” ಎಂದರು. ಮಳೆಗಾಲ ಮುಗಿಯುತ್ತ ಬಂದಿತ್ತು. ಹೊಲವೆಲ್ಲ ಹಳದಿಯಾಗಿತ್ತು. ಇಂಗ್ಲೆಂಡಿನ ಹಳ್ಳಿಗಾಡು ನನ್ನ ಮನಸ್ಸಿನೊಳಗೆ ಬಂದದ್ದು ಹೀಗೆ, ಗುರೆಳ್ಳಿನ ಹೊಲವಾಗಿ.

ನಿಮ್ಮಲ್ಲಿ ಅನೇಕರಿಗೂ ಇಂಥದೇ ಅನುಭವ ಆಗಿರಬಹುದು. ಕಾಣದ ನಾಡೊಂದನ್ನು ಪದ್ಯಗಳ ಮೂಲಕ ಪ್ರೀತಿಸುವ ಈ ರೂಢಿಗೆ ನಮ್ಮ ಭಾಗದಲ್ಲಿ ಒಂದು ಇತಿಹಾಸವಿದೆ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿ ನೇರವಾಗಿ ಬ್ರಿಟಿಷರ ಆಡಳಿತದಲ್ಲಿದ್ದವು. ನಡುವೆ ಸವಣೂರು ಮಾತ್ರ ನವಾಬರ ಪುಟ್ಟ ಸಂಸ್ಥಾನ, 1948ರಲ್ಲಿ ವಿಲೀನವಾಗುವವರೆಗೂ. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ಈ ತಾಲ್ಲೂಕುಗಳ ಹುಡುಗರಿಗೆ ಇಂಗ್ಲಿಷ್ ಕಾವ್ಯ ಹತ್ತಿರವಾಯಿತು. 1861ರಲ್ಲಿ ಪಾಲ್‌ಗ್ರೇವ್ ಸಂಪಾದಿಸಿದ ‘ಗೋಲ್ಡನ್ ಟ್ರೆಷರಿ’ ಎಂಬ ಕವಿತಾಸಂಗ್ರಹ ಭಾರತದ ಕಾಲೇಜುಗಳಲ್ಲೆಲ್ಲ ಓದಿಸುತ್ತಿದ್ದ ಪುಸ್ತಕ. 1926ರಲ್ಲಿ ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಬಂದಾಗ ಇಂಗ್ಲಿಷ್ ಬಾರದವರಿಗೂ ಆ ಕಾವ್ಯದ ಧಾಟಿ ಕನ್ನಡದಲ್ಲಿ ಕೇಳಿಸಿತು.

ಇದೇ ಕಾಲದಲ್ಲಿ ಎದುರು ದಿಕ್ಕಿನ ಪ್ರೀತಿಯೊಂದೂ ನಡೆದಿತ್ತೆಂಬುದನ್ನು ಮರೆಯಬಾರದು. ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲೇ ಈ ಸೀಮೆಯ ನೂರಾರು ಶಾಸನಗಳನ್ನು ನಕಲು ಮಾಡಿಸಿದ್ದ. ಅವನ ನಂತರ ಬಂದ ಫ್ಲೀಟ್ 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ಪುಸ್ತಕ ಬರೆದು, ಶಾಸನಗಳು ಪಾನುಂಗಲ್ ಎಂದು ಕರೆಯುವ ಹಾನಗಲ್ಲಿನ ಕದಂಬರಿಗೆ ಅದರಲ್ಲಿ ಜಾಗ ಕೊಟ್ಟ. ಅವರು ನಮ್ಮ ಕಲ್ಲುಗಳನ್ನು ಓದುತ್ತಿದ್ದರು, ನಾವು ಅವರ ಹೂಗಳನ್ನು ಬಾಯಿಪಾಠ ಮಾಡುತ್ತಿದ್ದೆವು. ಹಾನಗಲ್ಲಿನ ತಾರಕೇಶ್ವರ ಗುಡಿಯ ಆ ಅದ್ಭುತ ಕಮಲದ ಛತ್ತನ್ನು ನಾನು ಮೊದಲ ಸಲ ತಲೆಯೆತ್ತಿ ನೋಡಿದ್ದು ಕಾಲೇಜಿಗೆ ಸೇರಿದ ಮೇಲೆ. ಡ್ಯಾಫೊಡಿಲ್ ಪದ್ಯ ಅಷ್ಟರಲ್ಲಿ ಬಾಯಿಗೆ ಬಂದು ಐದು ವರ್ಷವಾಗಿತ್ತು.

ಇನ್ನು ಗೋಕಾಕರ ವಿಷಯ. ಅವರು ಹುಟ್ಟಿದ್ದು 1909ರ ಆಗಸ್ಟ್ 9ರಂದು, ಸವಣೂರಿನಲ್ಲಿ. ನವಾಬರ ಊರು, ಸತ್ಯಬೋಧ ಸ್ವಾಮಿಗಳ ವೃಂದಾವನದ ಊರು. ಉರ್ದು, ಕನ್ನಡ, ಮರಾಠಿ ಮೂರೂ ಪೇಟೆಯಲ್ಲಿ ಕಿವಿಗೆ ಬೀಳುತ್ತಿದ್ದವು. ಅಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ ಓದಿ ಧಾರವಾಡಕ್ಕೆ ಬಂದರು. ಬೇಂದ್ರೆಯವರ ಗೆಳೆಯರ ಗುಂಪು ಸೇರಿದರು. ಇಂಗ್ಲಿಷಿನಲ್ಲಿ ಎಂ.ಎ. ಮುಗಿಸಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು 1936ರಲ್ಲಿ ಹಡಗು ಹತ್ತಿ ಆಕ್ಸ್‌ಫರ್ಡಿಗೆ ಹೋದರು. 1938ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆಯೊಡನೆ ಮರಳಿದರು. ಆ ಪ್ರವಾಸದ ಬರಹ ‘ಸಮುದ್ರದಾಚೆಯಿಂದ’. ಆ ಪಯಣದಿಂದ ಮೂಡಿದ ಕವಿತೆಗಳು 1940ರ ‘ಸಮುದ್ರ ಗೀತೆಗಳು’.

ಸ್ವಲ್ಪ ನಿಂತು ಯೋಚಿಸಿ. ಹೊಳೆ ಕೆರೆಗಳ ಹೊರತು ಬೇರೆ ನೀರಿಲ್ಲದ ಸೀಮೆಯ ಒಬ್ಬ ತರುಣ. ಅವನ ತಲೆಯ ತುಂಬ ಇಂಗ್ಲಿಷ್ ಕವಿಗಳ ಕಣಿವೆಗಳು, ತೊರೆಗಳು, ಹೂಗಳು. ಅವುಗಳನ್ನು ಕಣ್ಣಾರೆ ಕಾಣುವ ಮುನ್ನ ದಿನಗಟ್ಟಲೆ ಕಡಲು ದಾಟಬೇಕು: ಮುಂಬಯಿ ಬಿಟ್ಟು ಏಡನ್, ಕೆಂಪು ಸಮುದ್ರ, ಸೂಯೆಜ್. ಪುಸ್ತಕದಲ್ಲಿ ಓದಿದ ನಾಡಿಗೆ ಹೊರಟವನನ್ನು ದಾರಿಯೇ ಹಿಡಿದು ನಿಲ್ಲಿಸಿತು ಎನ್ನಬೇಕು. ಕಡಲಿನ ಅಲೆಗೆ ಒಂದೇ ಅಳತೆ ಇಲ್ಲ. ಆ ಕವಿತೆಗಳ ಸಾಲುಗಳಿಗೂ ಹಳೆಯ ಮಾತ್ರೆಯ ಕಟ್ಟು ಸಾಲಲಿಲ್ಲ. ಕನ್ನಡ ಕಾವ್ಯ ಮುಕ್ತಛಂದಸ್ಸಿನ ಕಡೆಗೆ ಇಟ್ಟ ಮೊದಲ ಹೆಜ್ಜೆಗಳಲ್ಲಿ ಇದೊಂದೆಂದು ವಿಮರ್ಶಕರು ಎಣಿಸುತ್ತಾರೆ. ಮುಂದೆ 1950ರ ಹೊತ್ತಿಗೆ ‘ನವ್ಯ’ ಎಂಬ ಹೆಸರನ್ನು ಕನ್ನಡ ಕಾವ್ಯಕ್ಕೆ ತಂದವರೂ ಅವರೇ. ಆ ಪ್ರವಾಸದಿಂದ ನಮ್ಮ ಭಾಷೆಗೆ ದಕ್ಕಿದ ದೊಡ್ಡ ವಸ್ತು ಇಂಗ್ಲೆಂಡಿನ ಹೂವೋ ಬೆಟ್ಟವೋ ಆಗಿರದೆ, ನಡುವೆ ಬಂದ ಸಮುದ್ರವಾಯಿತು. ಚರ್ಚೆಯಲ್ಲಿ ನಾನು ಕತ್ತರಿಸಿದ್ದು ಈ ಮಾತನ್ನೇ.

ಹಾಗಾದರೆ ಆ ಹಳ್ಳಿಗಾಡು ಹೇಗಿದೆ? ಕೆಲವು ವರ್ಷಗಳ ಹಿಂದೆ ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದಾಗ ನನಗೆ ಎರಡು ದಿನ ಬಿಡುವು ಸಿಕ್ಕಿತು. ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿ, ಆಕ್ಸನ್‌ಹೋಮ್‌ನಲ್ಲಿ ಬದಲಾಯಿಸಿ, ವಿಂಡರ್ಮಿಯರ್‌ನಲ್ಲಿ ಇಳಿದು, ಬಸ್ಸಿನಲ್ಲಿ ಬೆಟ್ಟ ದಾಟಿ ಅಲ್ಸ್‌ವಾಟರ್ ಸರೋವರದ ದಂಡೆಗೆ ಹೋದೆ. ವರ್ಡ್ಸ್‌ವರ್ತ್ ತನ್ನ ತಂಗಿ ಡೊರೊತಿಯೊಡನೆ 1802ರ ಏಪ್ರಿಲ್ 15ರಂದು ಆ ಹೂಗಳನ್ನು ಕಂಡದ್ದು ಅಲ್ಲಿಯೇ, ಗ್ಲೆಂಕಾಯ್ನ್ ಕೊಲ್ಲಿಯ ಬಳಿ. ತಂಗಿ ಅಂದಿನ ದಿನಚರಿಯಲ್ಲಿ ಎಲ್ಲವನ್ನೂ ಬರೆದಿಟ್ಟಳು. ಅಣ್ಣ ಪದ್ಯ ಬರೆದದ್ದು ಎರಡು ವರ್ಷದ ನಂತರ, ಅಚ್ಚಾದದ್ದು 1807ರಲ್ಲಿ. ಪದ್ಯದಲ್ಲಿ ಅವನು ಒಬ್ಬನೇ ತಿರುಗುತ್ತಿರುತ್ತಾನೆ, ತಂಗಿ ಇಲ್ಲ. ಇದನ್ನು ನಮ್ಮ ಮಾಸ್ತರರು ಹೇಳಿರಲಿಲ್ಲ.

ನಾನು ಅಲ್ಲಿ ಒಂದೇ ಒಂದು ಡ್ಯಾಫೊಡಿಲ್ ಹೂವನ್ನೂ ನೋಡಲಿಲ್ಲ. ನಾನು ಹೋದದ್ದು ಜುಲೈ ತಿಂಗಳಲ್ಲಿ. ಆ ಕಾಡುಹೂ ಅರಳುವುದು ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ. ಆಮೇಲೆ ಎಲೆಯೂ ಒಣಗಿ, ಗಡ್ಡೆ ಮಾತ್ರ ನೆಲದೊಳಗೆ ಮಲಗಿರುತ್ತದೆ. ಸಸ್ಯಶಾಸ್ತ್ರದ ಪದವೀಧರ ಈ ಲೆಕ್ಕವನ್ನು ಮರೆತಿದ್ದ! ಮಳೆ ಸುರಿಯುತ್ತಿತ್ತು. ಜರಿಗಿಡ, ಕುರಿ, ಕಲ್ಲುಗೋಡೆ, ಮಂಜು. ಛತ್ರಿ ಹಿಡಿದು ನಿಂತು ಒದ್ದೆಯಾದ ಹುಲ್ಲನ್ನೇ ನೋಡಿದೆ. ಶ್ರಾವಣದ ಹಾನಗಲ್ಲಿನ ಗದ್ದೆಗಳ ಮೇಲೆ ಬೀಳುವ ಮಳೆಯಂತೆಯೇ ಇತ್ತು ಎಂದರೆ ನೀವು ನಂಬಬೇಕು. ಊರಿಗೆ ಬಂದು ಹೇಳಿದಾಗ ಅವ್ವ, “ಮಳಿ ನೋಡಾಕ ಅಷ್ಟು ದೂರ ಹೋಗಬೇಕಿತ್ತೇನಪಾ?” ಎಂದಳು.

ಆದರೆ ಹೂವಿಲ್ಲದ್ದರಿಂದ ಒಂದು ಲಾಭವಾಯಿತು. ನೆಲ ಕಾಣಿಸಿತು. ನಾವು ಪದ್ಯಗಳಲ್ಲಿ ಓದಿ ಪ್ರಕೃತಿಯೆಂದು ನಂಬಿದ ಆ ನೋಟ ಬಹುಮಟ್ಟಿಗೆ ಮನುಷ್ಯನ ಕೈಕೆಲಸ. ಓಕ್ ಕಾಡುಗಳನ್ನು ಇದ್ದಿಲಿಗಾಗಿ ಕಡಿದರು, ಕುರಿಗಳು ಚಿಗುರನ್ನು ಮೇಯ್ದು ಬೆಟ್ಟವನ್ನು ಬೋಳಾಗಿಟ್ಟವು. ಚಿತ್ರಪಟದಲ್ಲಿ ಅಷ್ಟು ಚೆಂದ ಕಾಣುವ ಬೇಲಿಗಳು ಮತ್ತು ಕಲ್ಲುಗೋಡೆಗಳ ಹಿಂದೆ ಕಠಿಣವಾದ ಕಥೆಯಿದೆ. 1604ರಿಂದ 1914ರವರೆಗೆ ಬ್ರಿಟಿಷ್ ಪಾರ್ಲಿಮೆಂಟು ಸುಮಾರು 5,200 ಕಾಯಿದೆಗಳ ಮೂಲಕ ಊರೊಟ್ಟಿನ ಹೊಲಗಳನ್ನೂ ಹುಲ್ಲುಗಾವಲುಗಳನ್ನೂ ಬೇಲಿಯೊಳಗೆ ಹಾಕಿ ಖಾಸಗಿ ಮಾಡಿತು. ಅದು 68 ಲಕ್ಷ ಎಕರೆ, ಇಂಗ್ಲೆಂಡಿನ ಐದನೆಯ ಒಂದು ಪಾಲು. ನಮ್ಮ ಊರುಗಳ ಗೋಮಾಳಕ್ಕೆ ಯಾರಾದರೂ ಬೇಲಿ ಹಾಕಿದರೆ ದನ ಕಟ್ಟಿಕೊಂಡ ಬಡವನಿಗೆ ಏನಾಗುತ್ತದೆಂಬುದು ನಿಮಗೆ ಗೊತ್ತು. ಅಲ್ಲಿಯೂ ಅದೇ ಆಯಿತು. ಜಾನ್ ಕ್ಲೇರ್ ಎಂಬ ಕೂಲಿಕಾರ ಕವಿ ಈ ದುಃಖವನ್ನು ಬರೆದ. ನಮ್ಮ ಪಠ್ಯಪುಸ್ತಕದಲ್ಲಿ ಅವನಿರಲಿಲ್ಲ.

ವರ್ಡ್ಸ್‌ವರ್ತನನ್ನೂ ಪೂರ್ತಿ ಮೆಚ್ಚಲಾರೆ. ಸರೋವರ ಸೀಮೆಗೆ ಮಾರ್ಗದರ್ಶಿ ಪುಸ್ತಕ ಬರೆದು, ಅದು ಇಡೀ ದೇಶದ ಆಸ್ತಿಯಿದ್ದಂತೆ ಎಂಬ ಅರ್ಥದ ಮಾತಾಡಿದವನು ಅವನೇ. 1844ರಲ್ಲಿ ಅಲ್ಲಿಗೆ ರೈಲು ಬರುವುದೆಂದಾಗ, ಕಾರ್ಖಾನೆಯ ಜನ ಗುಂಪುಗುಂಪಾಗಿ ಬರುವರೆಂದು ಪ್ರತಿಭಟಿಸಿದವನೂ ಅವನೇ. 1847ರಲ್ಲಿ ರೈಲು ಬಂತು. ಹಿರೇಕೆರೂರಿನವನೊಬ್ಬ ಆ ರೈಲಿನಲ್ಲೇ ಹೋಗಿ ಇಳಿದ. ಆದರೂ ಅವನು ಬಿತ್ತಿದ ವಿಚಾರ ಬೆಳೆಯಿತೆಂಬುದನ್ನು ಒಪ್ಪಬೇಕು: ಅವನು ಬಾಳಿದ ಡವ್ ಕಾಟೇಜನ್ನು 1890ರಲ್ಲಿ ಸಾರ್ವಜನಿಕರಿಗಾಗಿ ಕೊಂಡರು, 1951ರಲ್ಲಿ ಆ ಸೀಮೆ ರಾಷ್ಟ್ರೀಯ ಉದ್ಯಾನವಾಯಿತು, 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಈ ನೆನಪುಗಳೊಡನೆ ಚಿತ್ರೀಕರಣಕ್ಕೆಂದು ಸವಣೂರಿಗೆ ಹೋದೆ. ದೊಡ್ಡಹುಣಸೆ ಕಲ್ಮಠದ ಮೂರು ಮಹಾವೃಕ್ಷಗಳ ಮುಂದೆ ಕ್ಯಾಮೆರಾ ಇಟ್ಟೆವು. ಅವು ಹುಣಸೆಯ ಮರಗಳಲ್ಲ, ಆಫ್ರಿಕಾದ ಬಾವೊಬಾಬ್. ಆನೆಯ ಮೈಯಂಥ ತೊಗಟೆ, ಹತ್ತಾರು ಜನ ಕೈ ಕೈ ಹಿಡಿದು ಸುತ್ತಬೇಕಾದ ಬೊಡ್ಡೆ. ಕಾಯಿಯ ಹುಳಿ ನೋಡಿ ನಮ್ಮ ಜನ ಹುಣಸೆಯೆಂದರು, ಗಾತ್ರ ನೋಡಿ ದೊಡ್ಡ ಎಂದರು. ಗುರೆಳ್ಳು ತೋರಿಸಿದ ನಮ್ಮ ಮಾಸ್ತರರ ಉಪಾಯವೂ ಇದೇ ತಾನೆ? 2023ರ ಮಳೆಗಾಲದಲ್ಲಿ ಒಂದು ಮರ ಉರುಳಿಬಿದ್ದಾಗ ಅದನ್ನು ಎತ್ತಿ ಮತ್ತೆ ನೆಟ್ಟರು. ಹುಟ್ಟಿದೂರಿನಲ್ಲೇ ಹೊರನಾಡಿನ ಇಂಥ ಮರಗಳಿದ್ದ ಹುಡುಗನಿಗೆ ಹೊರನಾಡಿನ ಛಂದಸ್ಸು ಅಷ್ಟೇನೂ ಪರಕೀಯವೆನಿಸಿರಲಾರದು ಎಂದು ನನಗೆ ತೋರಿತು. ಇದು ನನ್ನ ಊಹೆ, ಇದಕ್ಕೆ ದಾಖಲೆ ಕೇಳಬೇಡಿ.

ಸಾಹಿತ್ಯದ ಪ್ರವಾಸಿ ಎಂಬವನು ನಮ್ಮಲ್ಲಿ ಇಲ್ಲವೆಂದು ಕೆಲವರು ಹೇಳುವುದುಂಟು. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳಕ್ಕೆ ಹೋಗಿ ನೋಡಿ. 1889ರಲ್ಲಿ ತೀರಿಕೊಂಡ ಶರೀಫರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ಬರುತ್ತಾರೆ, ಕಾಯಿ ಒಡೆಸುತ್ತಾರೆ, ಸಕ್ಕರೆ ಓದಿಸುತ್ತಾರೆ, ಮರದ ನೆರಳಿನಲ್ಲಿ ಕೂತು ಅವರ ಪದ ಹಾಡುತ್ತಾರೆ. ಅದೇ ತಾಲ್ಲೂಕಿನ ಬಾಡ ಕನಕದಾಸರ ಊರು. ಹಿರೇಕೆರೂರು ಕಡೆಯ ಅಬಲೂರು, ಮಾಸೂರುಗಳು ಸರ್ವಜ್ಞನ ಹೆಸರು ಹೇಳುತ್ತವೆ. ಕವಿಯ ಮನೆಗೆ ಅವರು ಟಿಕೆಟ್ ಇಟ್ಟರು, ನಾವು ಜಾತ್ರೆ ಮಾಡಿದೆವು. ಎರಡರಲ್ಲಿ ಯಾವುದು ಮೇಲು ಎಂದು ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಆದರೆ ಅಚ್ಚಿನ ಕಾಲದ ಕವಿ ಈ ಎರಡರ ನಡುವೆ ಸಿಕ್ಕಿಬೀಳುತ್ತಾನೆ. ಸವಣೂರಿನಲ್ಲಿ ನಾವು ಚಹ ಕುಡಿದು ಖಾರಾ ತಿನ್ನುತ್ತ ಕೂತಿದ್ದಾಗ ಪಕ್ಕದ ಮೇಜಿನ ಕಾಲೇಜು ಹುಡುಗನನ್ನು ಗೋಕಾಕರ ಬಗ್ಗೆ ಕೇಳಿದೆ. “ಗೋಕಾಕ ಚಳವಳಿ ಅಲ್ರೀ?” ಎಂದ.

ಅವನು ಹೇಳಿದ್ದೂ ತಪ್ಪಲ್ಲ. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದ, ಭಾರತೀಯರ ಇಂಗ್ಲಿಷ್ ಕವಿತೆಗಳಿಗೂ ಒಂದು ‘ಗೋಲ್ಡನ್ ಟ್ರೆಷರಿ’ ಸಂಪಾದಿಸಿಕೊಟ್ಟ ಈ ಪ್ರಾಧ್ಯಾಪಕರನ್ನೇ 1980ರಲ್ಲಿ ಸರ್ಕಾರ ಶಾಲೆಗಳ ಭಾಷಾ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿತು. 1981ರ ವರದಿಯಲ್ಲಿ ಅವರು ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದರು. 1982ರಲ್ಲಿ ಡಾ. ರಾಜಕುಮಾರ್ ಮುಂದೆ ನಿಂತಾಗ ರಾಜ್ಯವೇ ಬೀದಿಗಿಳಿಯಿತು. ಇಂಗ್ಲಿಷನ್ನು ಅಷ್ಟು ಪ್ರೀತಿಸಿದವರು ಹೀಗೇಕೆ ಬರೆದರೆಂದು ಆಗ ಆಶ್ಚರ್ಯಪಟ್ಟವರಿದ್ದರು. ನನಗೆ ಆಶ್ಚರ್ಯವಿಲ್ಲ. ಗುರೆಳ್ಳು ಗೊತ್ತಿಲ್ಲದ ಮಗುವಿಗೆ ಡ್ಯಾಫೊಡಿಲ್ ಹೇಗೆ ತೋರಿಸುತ್ತೀರಿ? ‘ಭಾರತ ಸಿಂಧುರಶ್ಮಿ’ ಎಂಬ ಕನ್ನಡ ಮಹಾಕಾವ್ಯ ಬರೆದ ಅವರಿಗೆ 1990ನೇ ಸಾಲಿನ ಜ್ಞಾನಪೀಠ ಬಂತು. 1992ರ ಏಪ್ರಿಲ್ 28ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು.

ಚಿತ್ರೀಕರಣ ಮುಗಿಸಿ ಬರುವಾಗ ನಮ್ಮೂರಿನ ಶಾಲೆಯ ಬಳಿ ಗಾಡಿ ನಿಲ್ಲಿಸಿದೆ. ಕಿಟಕಿ ಹಾಗೇ ಇದೆ. ಆಚೆಯ ಹೊಲದಲ್ಲಿ ಈಗ ಗೋವಿನಜೋಳ, ಆಳೆತ್ತರ. ನಮ್ಮ ಜಿಲ್ಲೆಯ ಬಹಳಷ್ಟು ನೆಲಕ್ಕೆ ಇಂದು ಅದೇ ಬೆಳೆ, ರೈತನಿಗೆ ಅದರಲ್ಲಿ ನಾಲ್ಕು ಕಾಸು ಕಾಣುತ್ತದೆ, ತಪ್ಪೆನ್ನಲು ನಾನಾರು? ಇಂಗ್ಲೆಂಡಿನಲ್ಲೂ ಕಾಡು ಡ್ಯಾಫೊಡಿಲ್ ಹಿಂದಿನಷ್ಟು ಉಳಿದಿಲ್ಲ. ಬದುವಿನ ಮೇಲೆ ನಡೆದು ನೋಡಿದೆ. ಹೊಲದ ಅಂಚಿಗೆ ಯಾರೋ ಎರಡು ಸಾಲು ಗುರೆಳ್ಳು ಹಾಕಿದ್ದರು. ಕ್ಯಾಮೆರಾದವರು ಆಗಲೇ ಸಾಮಾನು ಕಟ್ಟಿಯಾಗಿತ್ತು. “ಬಿಚ್ಚೋಣೇನ್ರಿ ಸರ್?” ಎಂದು ಕೇಳಿದರು. ಬಿಚ್ಚಿಸಿದೆ. ಕಾರ್ಯಕ್ರಮದ ಕೊನೆಯಲ್ಲಿ ಹೆಸರುಗಳು ಬರುವಾಗ ಹಿಂದೆ ತೂಗುವ ಹಳದಿ ಹೂಗಳನ್ನು ನೀವು ನೋಡಿದ್ದರೆ, ಅವು ಅವೇ.