ದೊಡ್ಡ ಹೆಸರಿನ ಕಾಲೇಜೋ, ಊರ ಹತ್ತಿರದ ಕಾಲೇಜೋ? ಗಲ್ಫ್ ಪೋಷಕರು ಮೊದಲು ನೋಡಬೇಕಾದ್ದು

ಹನ್ನೆರಡನೇ ತರಗತಿ ಫಲಿತಾಂಶ ಹತ್ತಿರ ಬಂತೆಂದರೆ ಗಲ್ಫ್ ಕನ್ನಡಿಗರ ಮನೆಗಳಲ್ಲಿ ಒಂದೇ ಮಾತು: ಮಗನನ್ನು, ಮಗಳನ್ನು ಎಲ್ಲಿಗೆ ಸೇರಿಸೋದು? ಸಂಸಾರ ಜೊತೆಗೇ ಇರುವವರಿಗೆ ಸ್ಥಳೀಯ ಅಂದರೆ ದುಬೈ, ಶಾರ್ಜಾ, ಮಸ್ಕತ್‌ನ ವಿಶ್ವವಿದ್ಯಾಲಯ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರಿಗೆ ಸ್ಥಳೀಯ ಅಂದರೆ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವ ಕಾಲೇಜು. ಎರಡರ ಎದುರಿಗೂ ನಿಲ್ಲೋದು ದೊಡ್ಡ ಹೆಸರಿನ ಸಂಸ್ಥೆ. ಹೆಸರಿಗೆ ಬೆಲೆ ಇಲ್ಲ ಅಂತಲ್ಲ. ಆದರೆ ಪದವಿ ಕೊಡುವವರು ಯಾರು, ಅದಕ್ಕೆ ಮಾನ್ಯತೆ ಇದೆಯೇ, ಕೊನೆಯ ಸೆಮಿಸ್ಟರ್ ತನಕ ಶುಲ್ಕ ಕಟ್ಟಲು ಆಗ್ತದೆಯೇ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕ ಮೇಲಷ್ಟೇ ಹೆಸರಿನ ವಿಚಾರಕ್ಕೆ ಬರಬೇಕು.

ಸರ್ಟಿಫಿಕೇಟ್ ಮೇಲೆ ಯಾರ ಹೆಸರು?

ಕರ್ನಾಟಕದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಆರಂಭವಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದವು. ಬೆಂಗಳೂರಿನ ಪ್ರಸಿದ್ಧ ಕಾಲೇಜಾಗಲಿ, ಜಿಲ್ಲಾ ಕೇಂದ್ರದ ಕಾಲೇಜಾಗಲಿ, ವಿಟಿಯುಗೆ ಸೇರಿದ್ದರೆ ಪದವಿ ವಿಟಿಯುದ್ದೇ. ಸ್ವಾಯತ್ತ ಕಾಲೇಜಿಗೂ ಇದೇ ಮಾತು. ವ್ಯತ್ಯಾಸ ಇರೋದು ಅಧ್ಯಾಪಕರಲ್ಲಿ, ಲ್ಯಾಬ್‌ನಲ್ಲಿ, ಕ್ಯಾಂಪಸ್‌ಗೆ ಬರುವ ಕಂಪನಿಗಳಲ್ಲಿ. ಹೆಚ್ಚಿನ ಶುಲ್ಕ ಕೊಡೋದು ಇವುಗಳಿಗೇ ಆದ್ದರಿಂದ, ಮಗು ಸೇರುವ ವಿಭಾಗದಲ್ಲಿ ಕಳೆದ ವರ್ಷ ಎಷ್ಟು ಜನರಿಗೆ ಕೆಲಸ ಸಿಕ್ಕಿತು ಅಂತ ಕೇಳಬೇಕು. ಇಡೀ ಕಾಲೇಜಿನ ಲೆಕ್ಕ ಸಾಲದು.

ಮಾನ್ಯತೆ ಇಲ್ಲದಿದ್ದರೆ ಪರಿಚಿತ ಹೆಸರೂ ಕೈ ಹಿಡಿಯುವುದಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ. ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವೆ ಸೇರಿದವರು ಸರ್ಟಿಫಿಕೇಟ್ ಹಿಡಿದು ಅಲೆಯಬೇಕಾಯಿತು. ಅಂಚೆ ಅಥವಾ ಆನ್‌ಲೈನ್ ಪದವಿ ಮಾಡುವವರು ಸೇರುವ ವರ್ಷಕ್ಕೆ ಮಾನ್ಯತೆ ಇದೆಯೇ ಎಂದು ಯುಜಿಸಿ ವೆಬ್‌ಸೈಟಿನಲ್ಲೇ ನೋಡಿಕೊಳ್ಳಬೇಕು. ಮುಂದೆ ಮಗು ಗಲ್ಫ್‌ನಲ್ಲಿ ಕೆಲಸಕ್ಕೆ ಬರುವಾಗ ಸರ್ಟಿಫಿಕೇಟ್ ದೃಢೀಕರಣದಲ್ಲಿ ಇದೇ ಮೊದಲು ಕಾಡುವುದು.

ಗಲ್ಫ್‌ನಲ್ಲೇ ಓದಿಸುವುದಾದರೆ

ದುಬೈನಲ್ಲಿ ಮಣಿಪಾಲ ಮತ್ತು ಬಿಟ್ಸ್ ಪಿಲಾನಿಯ ಕ್ಯಾಂಪಸ್‌ಗಳು 2000ದಿಂದ ಇವೆ. ಆಸ್ಟ್ರೇಲಿಯಾದ ವೊಲೊಂಗಾಂಗ್ 1993ರಲ್ಲೇ ಬಂದಿತ್ತು. ಮಕ್ಕಳು ಮನೆಯಲ್ಲೇ ಇರ್ತಾರೆ, ಹಾಸ್ಟೆಲ್ ಖರ್ಚಿಲ್ಲ. ಯುಎಇಯಲ್ಲಿ ಮದುವೆಯಾಗದ ಗಂಡುಮಕ್ಕಳನ್ನು 25 ವರ್ಷದ ತನಕ ತಂದೆಯ ವೀಸಾದಲ್ಲೇ ಇಟ್ಟುಕೊಳ್ಳಬಹುದು. ಮದುವೆಯಾಗದ ಹೆಣ್ಣುಮಕ್ಕಳಿಗೆ ವಯಸ್ಸಿನ ಮಿತಿ ಇಲ್ಲ. ಆದರೆ ಈ ವೀಸಾ ನಿಂತಿರೋದು ತಂದೆಯ ಕೆಲಸದ ಮೇಲೆ. ಶುಲ್ಕವೂ ವರ್ಷಕ್ಕೆ ಹತ್ತಾರು ಸಾವಿರ ದಿರ್ಹಂ.

ಇನ್ನೊಂದು ವಿಷಯ, ಶಾಖಾ ಕ್ಯಾಂಪಸ್‌ಗಳು ಶಾಶ್ವತವಲ್ಲ. ಕತಾರ್‌ನ ಎಜುಕೇಷನ್ ಸಿಟಿಯಲ್ಲಿ 2003ರಿಂದ ಇರುವ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕ್ಯಾಂಪಸ್ಸನ್ನು 2028ರೊಳಗೆ ಮುಚ್ಚಲು ಅದರ ಆಡಳಿತ ಮಂಡಳಿ 2024ರ ಫೆಬ್ರವರಿಯಲ್ಲಿ ತೀರ್ಮಾನಿಸಿತು. ಶಾಖೆಗೆ ಸೇರಿಸುವಾಗ, ನಡುವೆ ಮುಚ್ಚಿದರೆ ಮೂಲ ಕ್ಯಾಂಪಸ್‌ಗೆ ವರ್ಗಾವಣೆ ಉಂಟೇ ಎಂದು ಬರಹದಲ್ಲಿ ಕೇಳಿ ಪಡೆಯುವುದು ಒಳ್ಳೆಯದು.

ಊರಿಗೆ ಕಳುಹಿಸುವುದಾದರೆ

ಎನ್‌ಐಟಿಗಳಲ್ಲಿ ದಾಸಾ ಯೋಜನೆಯ ಸೀಟುಗಳ ಮೂರನೇ ಒಂದು ಭಾಗ ಗಲ್ಫ್‌ನಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಮೀಸಲು. ಇದಕ್ಕೆ ಸಿಐಡಬ್ಲ್ಯುಜಿ ಅಂತಾರೆ. ಯುಎಇ, ಸೌದಿ, ಕುವೈತ್, ಕತಾರ್, ಒಮಾನ್, ಬಹರೈನ್ ಜೊತೆಗೆ ಇರಾನ್, ಇರಾಕ್ ಕೂಡ ಪಟ್ಟಿಯಲ್ಲಿವೆ. ದಾಸಾದ ಉಳಿದವರು ಡಾಲರ್ ಲೆಕ್ಕದಲ್ಲಿ ಕಟ್ಟಿದರೆ, ಇವರಿಗೆ ಬೋಧನಾ ಶುಲ್ಕ ಊರಿನ ವಿದ್ಯಾರ್ಥಿಗಳಷ್ಟೇ. ಜೆಇಇ ಮೇನ್ ರ‍್ಯಾಂಕ್ ಬೇಕು. ಸುರತ್ಕಲ್‌ನ ಎನ್‌ಐಟಿಕೆ ಕೂಡ ಇದರಲ್ಲಿದೆ. ಕರಾವಳಿಯವರಿಗೆ ಊರೂ ಅದೇ, ದೊಡ್ಡ ಹೆಸರೂ ಅದೇ. 12ನೇ ತರಗತಿ ಎಲ್ಲಿ ಓದಿರಬೇಕು, ತಂದೆ ತಾಯಿಯ ಕೆಲಸಕ್ಕೆ ಯಾವ ದಾಖಲೆ ಬೇಕು ಎಂಬುದನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ನೋಡಬೇಕು.

ಸಿಇಟಿ ಮೂಲಕ ಸರಕಾರಿ ಸೀಟು ಪಡೆಯಲು ಮುಖ್ಯ ಷರತ್ತು ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು ಎಂಬುದು. ಇಡೀ ಶಾಲಾ ಶಿಕ್ಷಣ ಗಲ್ಫ್‌ನಲ್ಲೇ ಮುಗಿಸಿದ ಮಕ್ಕಳಿಗೆ ಪೆಟ್ಟು ಬೀಳೋದು ಇಲ್ಲೇ. ಹೆತ್ತವರು ಕರ್ನಾಟಕದಲ್ಲಿ ಓದಿದ್ದರೆ ಬೇರೆ ಕೆಲವು ದಾರಿಗಳಿವೆ. ಆದ್ದರಿಂದ ಈ ವಿಚಾರಣೆ 10ನೇ ತರಗತಿ ಮುಗಿಯುವಾಗಲೇ ಆಗಬೇಕು. ಕಾಮೆಡ್‌–ಕೆ ಪರೀಕ್ಷೆ ಹೊರಗಿನವರಿಗೂ ತೆರೆದಿದೆ.

ಮೆಡಿಕಲ್ ಓದುವವರಿಗೆ

ಭಾರತದಲ್ಲಿ ಎಂಬಿಬಿಎಸ್ ಮಾಡಲು ನೀಟ್ ಬೇಕೇ ಬೇಕು. ಹೊರದೇಶದಲ್ಲಿ ಓದಿ ಊರಲ್ಲಿ ವೈದ್ಯರಾಗುವವರಿಗೂ ನೀಟ್ ಅರ್ಹತೆ ಬೇಕು. 2021ರ ನಿಯಮದಂತೆ ಹೊರದೇಶದ ಕೋರ್ಸ್ ಕನಿಷ್ಠ 54 ತಿಂಗಳದ್ದಾಗಿರಬೇಕು, ಇಂಗ್ಲಿಷ್‌ನಲ್ಲಿರಬೇಕು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ಇವು ಕೂಡದಿದ್ದರೆ ಎಷ್ಟು ದೊಡ್ಡ ಹೆಸರಿನ ಕಾಲೇಜಾದರೂ ಊರಲ್ಲಿ ಪ್ರಾಕ್ಟೀಸ್ ಮಾಡಲು ಆಗದು.

ನಾಲ್ಕು ವರ್ಷದ ಲೆಕ್ಕ

ತಿಂಗಳಿಗೆ 1,000 ದಿರ್ಹಂ ಓದಿಗೆಂದೇ ತೆಗೆದಿಡಲು ಸಾಧ್ಯವಿರುವ ಮನೆಯನ್ನು ತೆಗೆದುಕೊಳ್ಳಿ. ನಾಲ್ಕು ವರ್ಷಕ್ಕೆ 48,000 ದಿರ್ಹಂ ಆಯಿತು. ಕೋರ್ಸಿನ ಪೂರ್ತಿ ಖರ್ಚು ಇದನ್ನು ಮೀರಿದರೆ ಉಳಿದದ್ದು ಸಾಲ, ಇಲ್ಲವೇ ಚಿನ್ನ, ಇಲ್ಲವೇ ಜಾಗ. ಗುತ್ತಿಗೆ ಮುಗಿದು ಊರಿಗೆ ಮರಳಬೇಕಾಗಿ ಬಂದರೂ ಶುಲ್ಕ ನಿಲ್ಲುವುದಿಲ್ಲ. ಎರಡನೇ ವರ್ಷಕ್ಕೆ ಬಿಟ್ಟ ದೊಡ್ಡ ಕಾಲೇಜಿಗಿಂತ ಪೂರ್ತಿ ಮಾಡಿದ ಊರ ಕಾಲೇಜಿನ ಪದವಿಯೇ ಮೇಲು.

ಮುಂಗಡ ಕಟ್ಟುವ ಮೊದಲು ಕೇಳಿ

- ಪದವಿ ನೀಡುವ ವಿಶ್ವವಿದ್ಯಾಲಯ ಯಾವುದು? ಈ ಕೋರ್ಸಿಗೆ, ಈ ವರ್ಷಕ್ಕೆ ಮಾನ್ಯತೆ ಇದೆಯೇ?
- ಮೊದಲ ವರ್ಷದ್ದಲ್ಲ, ಎಲ್ಲ ವರ್ಷಗಳ ಶುಲ್ಕ ಎಷ್ಟು? ವರ್ಷ ವರ್ಷ ಏರ್ತದೆಯೇ?
- ನಡುವೆ ಬಿಟ್ಟರೆ ಎಷ್ಟು ವಾಪಸ್? ಮೂಲ ದಾಖಲೆ ಹಿಡಿದಿಟ್ಟುಕೊಳ್ತಾರೆಯೇ?
- ಎನ್‌ಆರ್‌ಐ ಕೋಟಾಕ್ಕಿಂತ ಅಗ್ಗದ ದಾರಿ ಮಗುವಿಗೆ ಸಿಗ್ತದೆಯೇ?
- ಸಂಬಳ ಆರು ತಿಂಗಳು ನಿಂತರೆ ಶುಲ್ಕ ಎಲ್ಲಿಂದ?

ಕಡೆಯ ಪ್ರಶ್ನೆಗೆ ಉತ್ತರ ಇರುವ ಮನೆಯವರು ದೊಡ್ಡ ಹೆಸರನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ಇಲ್ಲದವರು ಹತ್ತಿರದ ಒಳ್ಳೆ ಕಾಲೇಜಿಗೆ ಸೇರಿಸಿ, ಉಳಿದ ಹಣವನ್ನು ಮಗುವಿನ ಸ್ನಾತಕೋತ್ತರ ಓದಿಗೆ ಇಟ್ಟರೆ ನಷ್ಟವೇನೂ ಇಲ್ಲ. ದೊಡ್ಡ ಹೆಸರಿನ ಬಾಗಿಲು ಆಗಲೂ ತೆರೆದೇ ಇರ್ತದೆ.