ಬಿಸಿಯೂಟದ ಚರಿತ್ರೆ: ನಮ್ಮ ಶಾಲೆ, ಯುರೋಪಿನ ಶಾಲೆ



ವಳಕಮದಿನ್ನಿಯಂಥ ಊರಿನ ಸರಕಾರಿ ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂಡುವುದನ್ನು ತಾವು ಕಂಡಿರಬಹುದು. 2002ಕ್ಕಿಂತ ಮೊದಲು ಈ ದೃಶ್ಯ ಇರಲಿಲ್ಲ. 1995ರ ಆಗಸ್ಟ್ 15ರಂದು ಆರಂಭವಾದ ಕೇಂದ್ರದ ಯೋಜನೆಯಂತೆ ಶೇ. 80 ಹಾಜರಿಯಿದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಸಿಗುತ್ತಿತ್ತು. ಅದು ಮನೆಯ ಗಡಿಗೆ ಸೇರಿ ಎಲ್ಲರಿಗೂ ಹಂಚಿಹೋಗುತ್ತಿತ್ತು. ಮಗು ಮಾತ್ರ ಮಧ್ಯಾಹ್ನದ ಪಾಠವನ್ನು ಹಸಿದೇ ಕೇಳಬೇಕಿತ್ತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು, ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷಕ್ಕೆ 200 ದಿನ ಎಂದು ಲೆಕ್ಕವನ್ನೂ ಹೇಳಿತು.

ನಮ್ಮ ರಾಜ್ಯದಲ್ಲಿ 'ಅಕ್ಷರ ದಾಸೋಹ' 2002ರ ಜೂನ್‌ನಲ್ಲಿ ಆರಂಭವಾದದ್ದು ರಾಯಚೂರು ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. ಉಳಿದ ಜಿಲ್ಲೆಗಳಿಗೆ ಅದು ಹೋದದ್ದು 2003ರಲ್ಲಿ. ಎಲ್ಲದರಲ್ಲೂ ಹಿಂದೆ ನಿಲ್ಲುವ ನಮ್ಮ ಸೀಮೆ ಒಂದು ಸಲವಾದರೂ ಪಂಕ್ತಿಯ ಮೊದಲಿಗೆ ಕೂತಿತು! ಹೆಸರು ಶರಣರ ದಾಸೋಹದ್ದು. ದರ್ಗಾದ ಲಂಗರ್ ಕಂಡವರಿಗೂ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಶ್ರೀಮಂತ ಯುರೋಪಿನಲ್ಲಿ ಇದೆಲ್ಲ ತಾನಾಗಿ ಬಂದಿರಬೇಕೆಂದು ತಾವು ಭಾವಿಸಿದರೆ ತಪ್ಪಾದೀತು. ಇಂಗ್ಲೆಂಡಿನಲ್ಲಿ 1906ರ ಕಾಯ್ದೆಯು ಹಸಿದ ಬಡ ಮಕ್ಕಳಿಗೆ ಊಟ ಕೊಡಲು ಸ್ಥಳೀಯ ಸಂಸ್ಥೆಗಳಿಗೆ ಅನುಮತಿ ಕೊಟ್ಟಿತಷ್ಟೇ. ಹೀಗಾಗಿ ಉಣ್ಣಲು ಕೂತವನು ಬಡವನೆಂದು ಊರಿಗೆಲ್ಲ ತಿಳಿಯುತ್ತಿತ್ತು. 1944ರಲ್ಲಿ ಶಾಲೆಯೂಟ ಕಡ್ಡಾಯವಾಯಿತು, 1980ರ ಕಾಯ್ದೆಯಿಂದ ಆ ಕಡ್ಡಾಯ ಹೋಯಿತು. ನಾರ್ವೆಯಲ್ಲಿ ಹೆಚ್ಚಿನ ಮಕ್ಕಳು ಇಂದಿಗೂ ಮನೆಯಿಂದಲೇ ಬ್ರೆಡ್ಡಿನ ಬುತ್ತಿ ಒಯ್ಯುತ್ತಾರೆ.

ಫಿನ್ಲೆಂಡಿನ ಕಥೆ ಬೇರೆ. ಅದು ಅಂದು ಬಡ ದೇಶ, ಮೇಲೆ ಯುದ್ಧ. ಆದರೂ 1943ರಲ್ಲಿ ಕಾನೂನು ಮಾಡಿ, ಐದು ವರ್ಷಗಳ ಸಿದ್ಧತೆಯ ನಂತರ, 1948ರಿಂದ ಪ್ರಾಥಮಿಕ ಶಾಲೆಯ ಎಲ್ಲ ಮಕ್ಕಳಿಗೂ ಉಚಿತವಾಗಿ ಬಡಿಸಿದರು. ಮಕ್ಕಳೂ ಶಾಲೆಯ ತೋಟದಲ್ಲಿ ದುಡಿದು, ಕಾಡಿನ ಹಣ್ಣು ಆರಿಸಿ ತರಬೇಕಿತ್ತು. ಬಡವರಿಗಷ್ಟೇ ಎಂದಿದ್ದರೆ ಆ ತೋಟಕ್ಕೆ ಯಾರು ಹೋಗುತ್ತಿದ್ದರು?

ಫ್ರಾನ್ಸಿನಲ್ಲಿ ಪ್ರಾಥಮಿಕ ಶಾಲೆಯ ಊಟ ಪುರಸಭೆಯ ಕೈಯಲ್ಲಿದೆ. ಎಷ್ಟೋ ಊರುಗಳಲ್ಲಿ ಪಾಲಕರ ವರಮಾನ ನೋಡಿ ದರ ಹಾಕುತ್ತಾರೆ, ತಟ್ಟೆ ಮಾತ್ರ ಎಲ್ಲರಿಗೂ ಒಂದೇ. ಆದರೆ ಶಾಲೋನ್ ಎಂಬ ಊರಿನಲ್ಲಿ, ಹಂದಿಮಾಂಸ ತಿನ್ನದ ಮಕ್ಕಳಿಗೆ 1984ರಿಂದ ಕೊಡುತ್ತಿದ್ದ ಬದಲಿ ಊಟವನ್ನು 2015ರಲ್ಲಿ ನಿಲ್ಲಿಸಲಾಯಿತು. ವ್ಯಾಜ್ಯ ಅಲ್ಲಿಯ ಉಚ್ಚ ಆಡಳಿತ ನ್ಯಾಯಾಲಯದವರೆಗೆ ಹೋಯಿತು. ಬದಲಿ ಊಟ ಕೊಡಲು ಪುರಸಭೆಗೆ ಅಡ್ಡಿಯಿಲ್ಲ, ಕೊಡಲೇಬೇಕೆಂಬ ಕಡ್ಡಾಯವೂ ಇಲ್ಲ ಎಂದು 2020ರ ಡಿಸೆಂಬರ್‌ನಲ್ಲಿ ತೀರ್ಪು ಬಂತು.

ಅದರ ಮರುವರ್ಷ ಡಿಸೆಂಬರಿನಲ್ಲೇ ನಮ್ಮಲ್ಲಿ ಮೊಟ್ಟೆಯ ಪ್ರಶ್ನೆ ಎದ್ದಿತು. ಅಪೌಷ್ಟಿಕತೆ ಹೆಚ್ಚೆಂಬ ಕಾರಣಕ್ಕೆ ಅದೂ ಮೊದಲು ಬಂದದ್ದು ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಿಗೇ. ಕೆಲವು ಮಠಾಧೀಶರು ವಿರೋಧಿಸಿದರು. ಸರಕಾರ ಮೊಟ್ಟೆಯನ್ನು ನಿಲ್ಲಿಸಲಿಲ್ಲ, ಒಲ್ಲದವರ ಮೇಲೆ ಹೇರಲೂ ಇಲ್ಲ; ಅವರಿಗೆ ಬಾಳೆಹಣ್ಣು, ಮುಂದೆ ಶೇಂಗಾ ಚಿಕ್ಕಿ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಒಬ್ಬ ಮೊಟ್ಟೆ ಸುಲಿಯುತ್ತಾನೆ, ಪಕ್ಕದವನು ಬಾಳೆಹಣ್ಣು. ಇಬ್ಬರ ಅನ್ನಕ್ಕೂ ಸಾಂಬಾರು ಒಂದೇ ಪಾತ್ರೆಯದು.