ತೆಗೆದಷ್ಟೂ ಮರಳಿ ಬರುವ ಜಾಮೀನು: ಓದಿನ ಸಾಲದ ಹಳೇ ಕಥೆ

ನಮ್ಮ ಬಳಗದ ಗೆಳತಿಯೊಬ್ಬಳ ತಮ್ಮನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಬೇಕಾಗಿದ್ದದ್ದು ಮೂರೂವರೆ ಲಕ್ಷ ಸಾಲ. ಅಪ್ಪನನ್ನು ಕರೆದುಕೊಂಡು ಬ್ಯಾಂಕಿಗೆ ಹೋದರೆ, ಕೌಂಟರಿನ ಆಚೆ ಕೂತವರು ಕಂಪ್ಯೂಟರ್ ನೋಡಿ, "ಯಜಮಾನ್ರೇ, ನಿಮ್ಮ ಸಿಬಿಲ್ ಸರಿ ಇಲ್ಲ. ಜಮೀನಿನ ಪಹಣಿ ತನ್ನಿ, ಇಲ್ಲಾ ಸರ್ಕಾರಿ ನೌಕರಿಯಲ್ಲಿರೋ ಯಾರಾದ್ರೂ ಜಾಮೀನು ಹಾಕ್ಲಿ" ಅಂದರು. ಅಪ್ಪ ಕೆಲವು ವರ್ಷಗಳ ಹಿಂದೆ ಒಂದು ಸಾಲವನ್ನು ಬ್ಯಾಂಕಿನವರ ಜೊತೆಗೇ ರಾಜಿ ಮಾಡಿಕೊಂಡು, ಒಂದೇ ಗಂಟಿನಲ್ಲಿ ಕಟ್ಟಿ ಮುಗಿಸಿದ್ದರು. ಅವರ ಲೆಕ್ಕದಲ್ಲಿ ಅದು ಮುಗಿದ ಸಾಲ. ಸಿಬಿಲ್ ಲೆಕ್ಕದಲ್ಲಿ ಅದು ಅಳಿಯದ ಕಲೆ.

ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನವಾಗಲಿ, ಹೊರಗಿನವರ ಜಾಮೀನಾಗಲಿ ಬೇಡ ಎಂಬ ನಿಯಮ ಬಂದದ್ದು 2001ರಲ್ಲಿ. ಹಾಗಿದ್ದ ಮೇಲೆ ಪಹಣಿ ಕೇಳಿದ್ದು ಯಾಕೆ? ಇದನ್ನು ಹುಡುಕುತ್ತಾ ಹೋದ ನಮಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಡದ ಒಂದು ಇತಿಹಾಸ ಸಿಕ್ಕಿತು.

ಓದಿಗಾಗಿ ಸಾಲ ಕೊಡುವುದು ಹೊಸದೇನಲ್ಲ. ಜೆಮ್‌ಶೆಟ್‌ಜಿ ಟಾಟಾ 1892ರಲ್ಲೇ ವಿದೇಶದಲ್ಲಿ ಓದುವವರಿಗಾಗಿ ಒಂದು ನಿಧಿ ಕಟ್ಟಿದರು. ಅದು ದಾನವಲ್ಲ, ಸಾಲ. ಓದಿ ಬಂದವರು ತೀರಿಸಬೇಕು, ಆ ಹಣ ಮುಂದಿನವರಿಗೆ ಹೋಗಬೇಕು. ನಮ್ಮ ತಿಪಟೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿಗೆ ಓದಲು ಹೋದದ್ದು ಇದೇ ನಿಧಿಯ ವಿದ್ಯಾರ್ಥಿಯಾಗಿ. ಕೇರಳದ ಉಳವೂರಿನ ಬಡ ದಲಿತ ಕುಟುಂಬದ ಕೆ.ಆರ್. ನಾರಾಯಣನ್ ಅವರನ್ನು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಮುಟ್ಟಿಸಿದ್ದೂ ಟಾಟಾ ವಿದ್ಯಾರ್ಥಿವೇತನವೇ. ಶಾಲೆಯಲ್ಲಿ ಫೀಸು ಬಾಕಿಯಾಗಿ ತರಗತಿಯ ಹೊರಗೆ ನಿಂತು ಪಾಠ ಕೇಳಿದ ಹುಡುಗ ಅವರು, ಮುಂದೆ ದೇಶದ ರಾಷ್ಟ್ರಪತಿ ಆದರು. ಅವರ ಮನೆಯ ಆಸ್ತಿಪತ್ರ ನೋಡಿ ಯಾರಾದರೂ ತೀರ್ಮಾನ ಮಾಡಿದ್ದರೆ ಏನಾಗುತ್ತಿತ್ತೋ! ಆದರೆ ಇಂಥವು ಆರಿಸಿದ ಕೆಲವರಿಗೆ ಮಾತ್ರ.

ಸರ್ಕಾರ ಈ ಕೆಲಸಕ್ಕೆ ಕೈ ಹಾಕಿದ್ದು 1963ರಲ್ಲಿ. ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಅಂತ ಹೆಸರು. ಮಾರ್ಕ್ಸು ಮತ್ತು ಮನೆಯ ಆದಾಯ ನೋಡಿ ಬಡ್ಡಿಯಿಲ್ಲದ ಸಾಲ. ಓದಿದವರು ಮೇಷ್ಟ್ರ ಕೆಲಸಕ್ಕೆ ಸೇರಿದರೆ, ಸೇವೆಯ ಪ್ರತಿ ವರ್ಷಕ್ಕೆ ಸಾಲದ ಹತ್ತನೇ ಒಂದು ಭಾಗ ಮನ್ನಾ. ನಮಗೆ ಬಹಳ ಹಿಡಿಸಿದ ನಿಯಮ ಇದು. ಆದರೆ ವಸೂಲಿ ಸೋತಿತು, ಯೋಜನೆ ಸೊರಗಿತು.

ಅಷ್ಟರಲ್ಲಿ ಫೀಸು ಏರಿತು, ಆ ಕಥೆ ನಡೆದದ್ದು ನಮ್ಮ ರಾಜ್ಯದಲ್ಲೇ. ಡೊನೇಷನ್ ಹಾವಳಿ ತಡೆಯಲು ಕರ್ನಾಟಕ 1984ರಲ್ಲಿ ಕಾನೂನು ಮಾಡಿತು. ಅದರ ಅಡಿಯಲ್ಲಿ 1989ರಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಫೀಸು ನಿಗದಿಯಾಯಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರಪ್ರದೇಶದ ಮೀರತ್‌ನಿಂದ ತುಮಕೂರಿಗೆ ಎಂಬಿಬಿಎಸ್ ಓದಲು ಬಯಸಿದ ವಿದ್ಯಾರ್ಥಿನಿಗೆ ಕಾಲೇಜು ಆ 60,000 ಜೊತೆಗೆ ಉಳಿದ ವರ್ಷಗಳ ಫೀಸಿಗೆ ಬ್ಯಾಂಕ್ ಗ್ಯಾರಂಟಿಯನ್ನೂ ಕೇಳಿತು. ಗ್ಯಾರಂಟಿ ಅಂದರೆ ಜಾಮೀನೇ ತಾನೇ. ಅಪ್ಪನಿಗೆ ಆಗಲಿಲ್ಲ, ಸೀಟು ಹೋಯಿತು. ಅದೇ 1992ರ ಮೋಹಿನಿ ಜೈನ್ ಮೊಕದ್ದಮೆ. ಇದು ಡೊನೇಷನ್ನೇ, ಓದುವ ಹಕ್ಕಿಗೆ ವಿರುದ್ಧ ಎಂದಿತು ಸುಪ್ರೀಂ ಕೋರ್ಟು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂದು ಸೀಟುಗಳು ಅರ್ಧ ಫ್ರೀ, ಅರ್ಧ ಪೇಮೆಂಟ್ ಎಂದಾಯಿತು. ಪೇಮೆಂಟ್ ಸೀಟು ಎಂಬ ಮಾತು ನಮ್ಮ ಹಳ್ಳಿಗಳಿಗೂ ಬಂದದ್ದು ಆಗಲೇ. ಸೀಟು ಸಿಕ್ಕರೂ ದುಡ್ಡಿಲ್ಲದ ಮನೆಗಳು ಹೆಚ್ಚಾದವು.

ಈಗ 2000ನೇ ಇಸವಿಗೆ ಬನ್ನಿ. ಆ ವರ್ಷ ಎರಡು ಕೆಲಸ ಒಟ್ಟೊಟ್ಟಿಗೆ ನಡೆದವು. ಬ್ಯಾಂಕುಗಳ ಸಂಘ, ಕೆನರಾ ಬ್ಯಾಂಕಿನ ಅಧ್ಯಕ್ಷರಾಗಿದ್ದ ಆರ್.ಜೆ. ಕಾಮತ್ ಅವರ ನೇತೃತ್ವದಲ್ಲಿ ಒಂದು ತಂಡ ಕೂರಿಸಿ ಶಿಕ್ಷಣ ಸಾಲಕ್ಕೆ ಮಾದರಿ ಬರೆಸಿತು. ಅದನ್ನೇ ಯಶವಂತ ಸಿನ್ಹಾ 2001ರ ಬಜೆಟ್ಟಿನಲ್ಲಿ ಘೋಷಿಸಿದರು: ದೇಶದೊಳಗಿನ ಓದಿಗೆ ಏಳೂವರೆ ಲಕ್ಷದವರೆಗೆ ಸಾಲ, ಅದರಲ್ಲಿ ನಾಲ್ಕು ಲಕ್ಷದವರೆಗೆ ಅಡಮಾನ ಬೇಡ, ಕೈಯಿಂದ ಮುಂಗಡವೂ ಬೇಡ. ಅದೇ 2000ದಲ್ಲಿ ಸಿಬಿಲ್ ಎಂಬ ಕಂಪನಿಯೂ ಹುಟ್ಟಿತು, ಯಾರು ಸಾಲ ತೀರಿಸಿದರು, ಯಾರು ತೀರಿಸಲಿಲ್ಲ ಎಂಬ ಲೆಕ್ಕ ಇಡುವುದಕ್ಕೆ. ಒಂದು ಕಡೆ ಜಾಮೀನು ತೆಗೆಯುವ ಕಾಗದ, ಇನ್ನೊಂದು ಕಡೆ ಹೊಸ ಜಾಮೀನಿನ ಬೀಜ.

ಬೀಜ ಮೊಳೆತದ್ದು ಒಂದು ಸಣ್ಣ ಸಾಲಿನಲ್ಲಿ. ಮಾದರಿ ಯೋಜನೆಯಲ್ಲಿ ಹೊರಗಿನವರ ಜಾಮೀನು ಬೇಡ ಎಂದಿದೆ, ನಿಜ. ಆದರೆ ವಿದ್ಯಾರ್ಥಿಯ ಜೊತೆ ಅಪ್ಪ ಅಥವಾ ಅಮ್ಮ ಸಹ ಸಾಲಗಾರರಾಗಿ ಸಹಿ ಹಾಕಬೇಕು ಎಂದೂ ಇದೆ. ಜಾಮೀನುದಾರ ಬೇರೆ, ಸಹ ಸಾಲಗಾರ ಬೇರೆ. ಜಾಮೀನುದಾರ ಬೇರೆಯವರ ಸಾಲಕ್ಕೆ ಹೊಣೆ ನಿಲ್ಲುತ್ತಾನೆ, ಸಹ ಸಾಲಗಾರನಿಗೆ ಅದು ಅವನದೇ ಸಾಲ. ಅಪ್ಪನೂ ಸಾಲಗಾರ ಅಂದಮೇಲೆ ಬ್ಯಾಂಕು ಅಪ್ಪನ ಸಿಬಿಲ್ ತೆಗೆದು ನೋಡುತ್ತದೆ. ಆಮೇಲೆ ಬರುವ ಮಾತು ನಿಮಗೇ ಗೊತ್ತು: ಪಹಣಿ ತನ್ನಿ.

ಬ್ಯಾಂಕಿನವರ ಮಾತೂ ಪೂರ್ತಿ ಸುಳ್ಳಲ್ಲ. ಕೆಲಸ ಸಿಗದ ಹುಡುಗರ ಸಾಲ ಸುಸ್ತಿಯಾದರೆ ಮೇಲಿನವರು ಕೇಳುವುದು ಶಾಖೆಯ ಮ್ಯಾನೇಜರನ್ನೇ. ಆ ಭಯ ಕಳೆಯಲೆಂದೇ 2015ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ತಾನೇ ಒಂದು ಗ್ಯಾರಂಟಿ ನಿಧಿ ತಂದಿತು. ಆ ಯೋಜನೆಯಡಿ ಅಡಮಾನ, ಹೊರಗಿನ ಜಾಮೀನು ಇಲ್ಲದೆ ಏಳೂವರೆ ಲಕ್ಷದವರೆಗೆ ಬ್ಯಾಂಕು ಸಾಲ ಕೊಡಬಹುದು, ಮುಳುಗಿದರೆ ಬಾಕಿಯ 75 ಪಾಲು ನಿಧಿ ಕಟ್ಟಿಕೊಡುತ್ತದೆ. ಅಂದರೆ ಜಾಮೀನು ಹಾಕಿದ್ದು ಸರ್ಕಾರ. ಅದಕ್ಕೂ ಮೊದಲೇ, 2009ರಿಂದ, ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗೆ ಆದಾಯವಿರುವ ಮನೆಯ ಮಕ್ಕಳಿಗೆ ವೃತ್ತಿ, ತಾಂತ್ರಿಕ ಕೋರ್ಸುಗಳ ಓದಿನ ಅವಧಿಯ ಬಡ್ಡಿಯನ್ನು ಸರ್ಕಾರವೇ ತುಂಬುವ ಯೋಜನೆ ಬಂದಿತ್ತು. ಬೋರ್ಡು ಇಷ್ಟೆಲ್ಲ ಹೇಳುತ್ತಿದ್ದರೂ ಕೌಂಟರು ಹಳೆಯದನ್ನೇ ಕೇಳುತ್ತಿತ್ತು.

ಹಾಗಾಗಿ ಜನ ಕೋರ್ಟಿಗೆ ಹೋದರು. ಕೇರಳ ಹೈಕೋರ್ಟು 2020ರಲ್ಲಿ, ಅಪ್ಪ ಅಮ್ಮನ ಸಿಬಿಲ್ ಚೆನ್ನಾಗಿಲ್ಲ ಎಂಬ ಕಾರಣಕ್ಕೆ ಮಕ್ಕಳ ಶಿಕ್ಷಣ ಸಾಲ ನಿರಾಕರಿಸುವಂತಿಲ್ಲ ಎಂದಿತು. 2023ರಲ್ಲಿ ವಿದ್ಯಾರ್ಥಿಯದೇ ಸ್ಕೋರ್ ಕಡಿಮೆ ಇದ್ದ ಪ್ರಕರಣದಲ್ಲೂ ಹಾಗೇ ಹೇಳಿತು. ತೀರ್ಪು ಕೇರಳದ್ದು ನಿಜ, ಆದರೆ ಬ್ಯಾಂಕುಗಳ ಮಾದರಿ ಯೋಜನೆ ದೇಶಕ್ಕೆಲ್ಲ ಒಂದೇ.

2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಜಾಮೀನೂ ಬೇಡ, ಅಡಮಾನವೂ ಬೇಡ. ಆದರೆ ಅದು ರ‍್ಯಾಂಕಿಂಗಿನಲ್ಲಿ ಮೇಲಿರುವ ಸಂಸ್ಥೆಗಳಿಗೆ ಮಾತ್ರ, ಆರಂಭದ ಪಟ್ಟಿಯಲ್ಲಿ ದೇಶಕ್ಕೆಲ್ಲ 860. ನಿಮ್ಮ ತಾಲ್ಲೂಕಿನ ಕಾಲೇಜು ಅದರಲ್ಲಿದೆಯಾ ನೋಡಿಕೊಳ್ಳಿ. ಮೊದಲು ಅಪ್ಪನ ಆಸ್ತಿ ನೋಡುತ್ತಿದ್ದರು, ಆಮೇಲೆ ಅಪ್ಪನ ಸ್ಕೋರು, ಈಗ ಕಾಲೇಜಿನ ರ‍್ಯಾಂಕು.

ಗೆಳತಿಯ ಮನೆಯ ವಿಷಯ ಹೇಳದೆ ಮುಗಿಸಿದರೆ ನೀವು ಬೈತೀರಿ. ಅದೇ 2001ರ ಮಾದರಿಯಲ್ಲಿ ಇನ್ನೊಂದು ಮಾತಿದೆ: ಮೇಲಧಿಕಾರಿಯ ಒಪ್ಪಿಗೆ ಇಲ್ಲದೆ ಶಾಖೆಯವರು ಶಿಕ್ಷಣ ಸಾಲದ ಅರ್ಜಿ ತಳ್ಳಿಹಾಕುವಂತಿಲ್ಲ. ಅವಳು ಬಿಳಿ ಹಾಳೆಯಲ್ಲಿ, ಸಾಲ ಯಾಕಿಲ್ಲ ಎಂದು ಬರವಣಿಗೆಯಲ್ಲಿ ತಿಳಿಸಿ, ಮೇಲಧಿಕಾರಿಯ ಒಪ್ಪಿಗೆ ಪಡೆದಿದ್ದೀರಾ ಎಂದು ಕೇಳಿ, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದಳು. ಹತ್ತು ದಿನಕ್ಕೆ ಫೋನು ಬಂತು. ಸಹ ಸಾಲಗಾರರಾಗಿ ಅಪ್ಪನ ಬದಲು ಅಮ್ಮ ಸಹಿ ಹಾಕಿದರು. ಅಮ್ಮನ ಹೆಸರಲ್ಲಿ ಯಾವತ್ತೂ ಸಾಲ ಇರಲಿಲ್ಲ, ಸಿಬಿಲ್‌ಗೆ ಅವರು ಯಾರೆಂದೇ ಗೊತ್ತಿರಲಿಲ್ಲ. ಸಾಲ ಮಂಜೂರಾಯಿತು, ಆದರೆ ಕಾಲೇಜಿನ ಕೊನೇ ದಿನ ಅದಕ್ಕೂ ಮೊದಲೇ ಬಂದಿತ್ತು. ಮೊದಲ ಕಂತು ಕಟ್ಟಲು ಅಮ್ಮನ ಓಲೆ ಗಿರವಿ ಅಂಗಡಿಗೆ ಹೋಗಿತ್ತು. ಅದನ್ನು ಇನ್ನೂ ಬಿಡಿಸಿಕೊಂಡಿಲ್ಲ.